1ರಿಂದ 7ನೇ ತರಗತಿ, 128 ಮಕ್ಕಳು, ಇಬ್ಬರೇ ಶಿಕ್ಷಕರು: ದೀಪಾವಳಿ ಗುಳೆಗೆ ಮುಂಚೆ ಏನು ಮಾಡಬೇಕ್ರಿ?

ಹೊಸ_ಎಸ್‌ಡಿಎಂಸಿ, ಸುರಪುರ ತಾಲ್ಲೂಕು · ಜೂನ್ 9

ಎಲ್ಲರಿಗೂ ಶರಣು. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಒಂದರ ವಿಚಾರ ಕೇಳೋದದ. ಕನ್ನಡ ಮಾಧ್ಯಮ, 1ರಿಂದ 7. ಊರಿನ ಮಕ್ಕಳ ಜೋಡಿ ಒಂದೂವರೆ ಕಿ.ಮೀ. ದೂರದ ತಾಂಡಾದ ಮಕ್ಕಳೂ ಬರ್ತಾರ. ಲೆಕ್ಕ ಹಿಂಗದ:

1ರಿಂದ 5: 96 ಮಕ್ಕಳು. 6 ಮತ್ತು 7: 32. ಒಟ್ಟು 128.
ಮಂಜೂರಾದ ಹುದ್ದೆ 5. ಶಾಲೆಯಾಗ ನಿಜವಾಗಿ ಇರೋರು 2. ಒಬ್ಬರು ಬೇರೆ ಕಡೆ ನಿಯೋಜನೆ ಮ್ಯಾಲ ಹೋಗ್ಯಾರ. ಉಳಿದ 2 ಖಾಲಿ.

ಕೇಳೋದು ಮೂರು. ಕಾಯ್ದೆ ಪ್ರಕಾರ ಎಷ್ಟು ಮಂದಿ ಶಿಕ್ಷಕರು ಇರಬೇಕು, ಯಾರಿಗೆ ಹೆಂಗ ಬರೀಬೇಕು? ಎರಡನೇದು, ದೀಪಾವಳಿ ಮುಗೀತು ಅಂದ್ರ 30–35 ಮಕ್ಕಳು ತಾಯಿ-ತಂದಿ ಹಿಂದ ಬೆಂಗಳೂರು, ಪುಣೆ ಕಡೆ ಗುಳೆ ಹೋಗ್ತಾರ, ಯುಗಾದಿ ಹೊತ್ತಿಗೆ ತಿರುಗಿ ಬರ್ತಾರ. ಅವರ ಹೆಸರು ತೆಗೀಬೇಕೋ ಬ್ಯಾಡೋ? ಮೂರನೇದು, 7 ಮುಗಿಸಿದ ಹೆಣ್ಣುಮಕ್ಕಳಿಗೆ ಹೈಸ್ಕೂಲ್ 6 ಕಿ.ಮೀ. ಆಗ್ತದ, ಅರ್ಧಕ್ಕರ್ಧ ಅಲ್ಲಿಗೇ ನಿಂತುಬಿಡ್ತಾರ.

ಭಾಷಣ ಬ್ಯಾಡ್ರಿ. ಕಾಗದದಾಗ ಏನು ಬರೀಬೇಕು ಅಷ್ಟು ಹೇಳ್ರಿ.

---

ಕಡತ_ಕಲಬುರಗಿ · ಜೂನ್ 9

ಮೊದಲು ಶಿಕ್ಷಕರ ಲೆಕ್ಕ. ಶಿಕ್ಷಣ ಹಕ್ಕು ಕಾಯ್ದೆ 2009ರ ಕೊನೆಯಲ್ಲಿ ಒಂದು ಚಿಕ್ಕ ಅನುಸೂಚಿ ಇದೆ. ಇಡೀ ಕಾಯ್ದೆ ಓದಲು ಪುರುಸೊತ್ತಿಲ್ಲದಿದ್ದರೂ ಅದನ್ನು ಜೆರಾಕ್ಸ್ ಮಾಡಿಸಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಫೈಲಿನಲ್ಲಿ ಇಡಿ. 1–5ನೇ ತರಗತಿಗಳಿಗೆ 60 ಮಕ್ಕಳವರೆಗೆ 2 ಶಿಕ್ಷಕರು, 61–90ಕ್ಕೆ 3, 91–120ಕ್ಕೆ 4, 121–200ಕ್ಕೆ 5, 150 ದಾಟಿದರೆ ಮುಖ್ಯಗುರು ಬೇರೆ. 6–8ಕ್ಕೆ ಲೆಕ್ಕವೇ ಬೇರೆ: ತರಗತಿಗೆ ಕನಿಷ್ಠ ಒಬ್ಬರು, 35 ಮಕ್ಕಳಿಗೆ ಒಬ್ಬರು. ಗಣಿತ-ವಿಜ್ಞಾನ, ಸಮಾಜ, ಭಾಷೆ ಈ ಮೂರೂ ವಿಷಯಕ್ಕೆ ಜನ ಇರಬೇಕು.

ನಿಮ್ಮ 96 ಮಕ್ಕಳಿಗೆ 4 ಆಯಿತು. 6 ಮತ್ತು 7ಕ್ಕೆ ಕಡಿಮೆ ಎಂದರೂ 2. ಒಟ್ಟು 6. ಅಂದರೆ ಮಂಜೂರಾದದ್ದೇ ಒಂದು ಕಡಿಮೆ, ಬಂದವರು ಇನ್ನೂ ಕಡಿಮೆ. ಇವು ಎರಡು ಬೇರೆ ಬೇರೆ ತಕರಾರು. ಒಂದೇ ಅರ್ಜಿಯಲ್ಲಿ ಕಲಸಬೇಡಿ.

128ನ್ನು 30ರಿಂದ ಭಾಗಿಸಿ "ನಾಲ್ಕು ಚಿಲ್ಲರೆ ಸಾಕಲ್ಲ" ಎನ್ನುವ ಮಾತು ನಿಮ್ಮ ಕಿವಿಗೆ ಬೀಳುತ್ತದೆ. ಒಪ್ಪಬೇಡಿ. 1–5ರ ಲೆಕ್ಕ ಒಂದು, 6–8ರ ಲೆಕ್ಕ ಇನ್ನೊಂದು, ಎರಡನ್ನೂ ಬೇರೆಬೇರೆ ಮಾಡಿ ಆಮೇಲೆ ಕೂಡಿಸಬೇಕು. ತಾಲ್ಲೂಕಿನ ಸರಾಸರಿ ಚೆನ್ನಾಗಿದೆ ಎಂಬ ಉತ್ತರವೂ ನಡೆಯುವುದಿಲ್ಲ. ಅನುಸೂಚಿಯ ಅನುಪಾತ ಪ್ರತಿ ಶಾಲೆಯಲ್ಲೂ ಇರಬೇಕು ಎಂದು ಕಲಂ 25 ಹೇಳುತ್ತದೆ. ಕಲಂ 26ರ ಪ್ರಕಾರ ಖಾಲಿ ಹುದ್ದೆ ಮಂಜೂರಾತಿಯ ಶೇ 10 ಮೀರಬಾರದು. ನಿಮ್ಮಲ್ಲಿ 5ಕ್ಕೆ 2 ಖಾಲಿ, ಶೇ 40.

ನಿಯೋಜನೆ ಮೇಲೆ ಹೋದವರದ್ದು ಎಲ್ಲಕ್ಕಿಂತ ಕೆಟ್ಟ ಗಂಟು. ಅವರ ಸಂಬಳ ನಿಮ್ಮ ಶಾಲೆಯ ಹುದ್ದೆ ಮೇಲೆಯೇ ಆಗುತ್ತದೆ. ಹಾಗಾಗಿ ಕಾಗದದಲ್ಲಿ ಆ ಹುದ್ದೆ ತುಂಬಿದೆ. ಖಾಲಿ ಎಂದು ತೋರಿಸದ ಹುದ್ದೆಗೆ ಅತಿಥಿ ಶಿಕ್ಷಕರೂ ಸಿಗುವುದಿಲ್ಲ, ವರ್ಗಾವಣೆಯಲ್ಲಿ ಯಾರೂ ಬಂದು ಕೂರುವುದಿಲ್ಲ. ಮೊದಲ ಅರ್ಜಿ ಇದರ ಮೇಲೆಯೇ ಇರಲಿ: "ನಿಯೋಜನೆ ರದ್ದುಪಡಿಸಿ ಮೂಲ ಶಾಲೆಗೆ ಮರಳಿಸಬೇಕು." ಹೊಸ ಹುದ್ದೆ, ಹೊಸ ನೇಮಕಾತಿ ಯಾವುದೂ ಬೇಕಾಗಿಲ್ಲದ, ಒಂದು ಆದೇಶದಲ್ಲಿ ಮುಗಿಯುವ ಕೆಲಸ ಇದೊಂದೇ.

ಎರಡನೇ ಅರ್ಜಿ ಎರಡು ಖಾಲಿ ಹುದ್ದೆಗೆ ಅತಿಥಿ ಶಿಕ್ಷಕರನ್ನು ಕೇಳಿ. ಜೂನ್‌ನಲ್ಲೇ ಕೊಡಿ. ತಾಲ್ಲೂಕಿಗೆ ಬರುವುದು ಇಷ್ಟೇ ಎಂಬ ಸಂಖ್ಯೆ, ತಡವಾದರೆ ಹಂಚಿಕೆ ಮುಗಿದಿರುತ್ತದೆ.

ಮೂರನೆಯದು 6ನೇ ಹುದ್ದೆಯ ಮಂಜೂರಾತಿ. ಅದು ತಾಲ್ಲೂಕಿನ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕೈಯಲ್ಲಿಲ್ಲ, ಜಿಲ್ಲೆಯ ಡಿಡಿಪಿಐ (ಶಿಕ್ಷಣ ಇಲಾಖೆ ಉಪನಿರ್ದೇಶಕರು) ಮೂಲಕ ಮೇಲೆ ಹೋಗಬೇಕು. ಕಲಬುರಗಿಯಲ್ಲಿ ಕೂರುವ ಅಪರ ಆಯುಕ್ತರ ಕಚೇರಿಗೆ ಪ್ರತಿ ಹಾಕಿ. ನಮ್ಮ ವಿಭಾಗದ ಜಿಲ್ಲೆಗಳೆಲ್ಲ ಅದರಡಿ ಬರುತ್ತವೆ.

ಅರ್ಜಿಯ ಒಕ್ಕಣೆ ಬಗ್ಗೆ ಒಂದು ಮಾತು. "ಮನವಿ" ಎಂದು ಬರೆದರೆ ಅದು ಮನವಿಯ ಕಟ್ಟಿಗೆ ಸೇರುತ್ತದೆ. "ಶಿಕ್ಷಣ ಹಕ್ಕು ಕಾಯ್ದೆ ಕಲಂ 32ರಡಿ ದೂರು" ಎಂದು ತಲೆಬರಹ ಹಾಕಿದರೆ ಸ್ಥಳೀಯ ಪ್ರಾಧಿಕಾರ ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ಆಗದಿದ್ದರೆ ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಮುಂದೆ ಹೋಗಬಹುದು. ಬಿಇಒ ಅವರಿಗೆ ಬರೆದು ಡಿಡಿಪಿಐ ಮತ್ತು ಜಿಲ್ಲಾ ಪಂಚಾಯಿತಿ ಸಿಇಒ ಅವರಿಗೆ ಪ್ರತಿ ಕೊಡಿ. ಒಳಗೆ ಶಾಲೆಯ ಯುಡೈಸ್ ಸಂಖ್ಯೆ (ಪ್ರತಿ ಶಾಲೆಗೂ ಇರುವ ಸರ್ಕಾರಿ ಗುರುತಿನ ಸಂಖ್ಯೆ), ತರಗತಿವಾರು ದಾಖಲಾತಿ, ಮಂಜೂರು–ಕಾರ್ಯನಿರತ–ನಿಯೋಜನೆ–ಖಾಲಿ ಎಂಬ ನಾಲ್ಕು ಕಾಲಂ ಪಟ್ಟಿ, ಎಸ್‌ಡಿಎಂಸಿ ಠರಾವಿನ ನಕಲು. ಟಪಾಲಿನಲ್ಲಿ ಕೊಟ್ಟು ಮೊಹರು, ದಿನಾಂಕ ಇರುವ ಸ್ವೀಕೃತಿ ತನ್ನಿ. ಸ್ವೀಕೃತಿ ಇಲ್ಲದ ಅರ್ಜಿ ಕೊಟ್ಟದ್ದಕ್ಕೆ ಸಾಕ್ಷಿ ಇಲ್ಲ, ಮೂರು ತಿಂಗಳು ಯಾವತ್ತಿನಿಂದ ಎಂದು ಎಣಿಸುವುದಕ್ಕೂ ಆಗುವುದಿಲ್ಲ.

---

ತೊಗರಿ_ಕಟ್ಟಿ, ಜೇವರ್ಗಿ · ಜೂನ್ 9

ಕಡತ ಅವರು ಹೇಳಿದ್ದು ಸರಿ ಅದ. ಆದ್ರ ಗುಳೆ ಹೋದ ಹುಡುಗರ ಹೆಸರಿಗೆ ದಿನಾ ಹಾಜರಿ ಹಾಕ್ಕೋತ ಹೋಗ್ರಿ. ಇಲ್ಲಂದ್ರ ಇದ್ದ ಪೋಸ್ಟೂ ಹೋಗ್ತದ. ಸುತ್ತಮುತ್ತ ಎಲ್ಲ ಕಡಿ ಮಾಡೋದು ಇದನ್ನೇ, ಮುಚ್ಚಿಟ್ಟು ಏನು ಮಾಡೋದದ?

---

ಕಡತ_ಕಲಬುರಗಿ · ಜೂನ್ 9

ಅಣ್ಣಾ, ಇಲ್ಲೇ ಎಲ್ಲರೂ ಎಡವುವುದು. ಹುದ್ದೆ ನಿಲ್ಲುವುದು ದಾಖಲಾತಿಯ ಮೇಲೆ, ದಿನದ ಹಾಜರಿಯ ಮೇಲಲ್ಲ. ಹೆಸರು ಎಸ್‌ಎಟಿಎಸ್‌ನಲ್ಲಿ (ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆ) ಇದ್ದರೆ ಮಗು ಲೆಕ್ಕದಲ್ಲಿದೆ, ಇವತ್ತು ಗೈರಾಗಿದ್ದರೂ ಲೆಕ್ಕದಲ್ಲಿದೆ. ಸುಳ್ಳು ಹಾಜರಿಯಿಂದ ಹುದ್ದೆ ಉಳಿಯುವುದಿಲ್ಲ. ಹೆಸರು ತೆಗೆಯದೆ ಇರುವುದರಿಂದ ಉಳಿಯುತ್ತದೆ.

ಹಾಗಿದ್ದರೆ ಸುಳ್ಳು ಹಾಜರಿಯಿಂದ ಹೋಗುವುದೇನು? ಮಗುವಿನ ಹಕ್ಕು. ಪುಸ್ತಕದಲ್ಲಿ ದಿನಾ ಹಾಜರಿರುವ ಮಗು "ಶಾಲೆಯಿಂದ ಹೊರಗುಳಿದ ಮಗು" ಆಗುವುದಿಲ್ಲ. ಆಗದಿದ್ದರೆ ಋತುಮಾನ ವಸತಿ ನಿಲಯದ ಪಟ್ಟಿಗೆ ಬರುವುದಿಲ್ಲ, ವಿಶೇಷ ತರಬೇತಿಗೆ ಬರುವುದಿಲ್ಲ, ಮುಂದಿನ ವರ್ಷದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಅದಕ್ಕೆ ಒಂದು ರೂಪಾಯಿ ಬೀಳುವುದಿಲ್ಲ. ಕಾಗದದ ಪ್ರಕಾರ ಆ ಊರಿನಲ್ಲಿ ಗುಳೆಯೇ ಇಲ್ಲ.

ಸುಳ್ಳು ಹಾಜರಿ ಸಿಕ್ಕಿಬೀಳುವುದೂ ಸುಲಭ, ಬಿಸಿಯೂಟದ ಅಕ್ಕಿ ಹೇಳಿಬಿಡುತ್ತದೆ. 1–5ಕ್ಕೆ ಮಗುವಿಗೆ 100 ಗ್ರಾಂ, 6–8ಕ್ಕೆ 150 ಗ್ರಾಂ. ಈ ಶಾಲೆಯಲ್ಲಿ ಎಲ್ಲರೂ ಬಂದ ದಿನ 9.6 ಕೆ.ಜಿ. ಮತ್ತು 4.8 ಕೆ.ಜಿ., ಒಟ್ಟು 14.4 ಕೆ.ಜಿ. ಅಕ್ಕಿ ಬೇಯಬೇಕು. ಬೇಳೆ 20 ಮತ್ತು 30 ಗ್ರಾಂ ಲೆಕ್ಕದಲ್ಲಿ 2.88 ಕೆ.ಜಿ. ಹಾಜರಿಯಲ್ಲಿ 128 ಬರೆದು ಒಲೆ ಮೇಲೆ 10 ಕೆ.ಜಿ. ಇಟ್ಟರೆ ತಪಾಸಣೆಗೆ ಬಂದವರು ಬೇರೆ ಪುಸ್ತಕ ತೆರೆಯಬೇಕಾಗಿಯೇ ಇಲ್ಲ. ಅಂದ ಹಾಗೆ ಈ ಬಿಸಿಯೂಟದ ಯೋಜನೆ, ಅಕ್ಷರ ದಾಸೋಹ, 2002ರಲ್ಲಿ ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ಬೀದರ್, ಗುಲಬರ್ಗಾ ಇದ್ದವು. ಯಾದಗಿರಿ ಆಗ ಗುಲಬರ್ಗಾದಲ್ಲೇ ಇತ್ತು. ನಮ್ಮ ಕಡೆಯ ಅಡುಗೆಯವರಿಗೆ ಈ ಲೆಕ್ಕ ಬಾಯಿಪಾಠ.

ಇನ್ನು ಹೆಸರು ತೆಗೆದರೆ ಏನಾಗುತ್ತದೆ ನೋಡಿ. 34 ಮಕ್ಕಳು ಹೋದರು, ಅದರಲ್ಲಿ 26 ಮಂದಿ 1–5ರವರು ಎಂದಿಟ್ಟುಕೊಳ್ಳಿ. 96ರಲ್ಲಿ 26 ಕಳೆದರೆ 70. ನಾಲ್ಕು ಶಿಕ್ಷಕರ ಸಾಲಿನಿಂದ ಮೂರರ ಸಾಲಿಗೆ ಬಿದ್ದಿರಿ. 26 ಕೂಡ ಬೇಡ, ಆರೇ ಹೆಸರು ತೆಗೆದರೂ 90 ಆಗಿ ಅದೇ ಪಾಡು. ಶಾಲಾ ಅನುದಾನಕ್ಕೂ ಇದೇ ಏಟು: ಸಮಗ್ರ ಶಿಕ್ಷಣದ ಸಂಯುಕ್ತ ಅನುದಾನ 101–250 ಮಕ್ಕಳಿದ್ದರೆ 50,000 ರೂ., 31–100 ಇದ್ದರೆ 25,000. 128ರಿಂದ 94ಕ್ಕೆ ಇಳಿದ ಶಾಲೆ ಅರ್ಧ ದುಡ್ಡು ಕಳೆದುಕೊಳ್ಳುತ್ತದೆ. ಯುಗಾದಿಗೆ 34 ಮಕ್ಕಳು ತಿರುಗಿ ಬರುತ್ತಾರೆ, ಶಿಕ್ಷಕರೂ ದುಡ್ಡೂ ಬರುವುದಿಲ್ಲ. ಹೆಸರು ತೆಗೆಯುವುದು ಕಾಯ್ದೆಗೂ ವಿರುದ್ಧ. ಪ್ರಾಥಮಿಕ ಶಿಕ್ಷಣ ಮುಗಿಯುವ ತನಕ ಮಗುವನ್ನು ಶಾಲೆಯಿಂದ ಹೊರಹಾಕಬಾರದು ಎಂದು ಕಲಂ 16 ಹೇಳುತ್ತದೆ. 5 ಮತ್ತು 8ನೇ ತರಗತಿಯಲ್ಲಿ ತಡೆಹಿಡಿಯಬಹುದು ಎಂದು 2019ರಲ್ಲಿ ತಿದ್ದಿದರೂ ಈ ಮಾತು ಹಾಗೆಯೇ ಉಳಿದಿದೆ.

---

ಗಡಿನಾಡು_ಔರಾದ್ · ಜೂನ್ 10

ಗುಳೆ ವಿಷಯಕ್ಕೆ ಬೀದರ್ ಕಡೆಯ ಲೆಕ್ಕ ಸೇರಿಸುತ್ತೇನೆ. ಇಲ್ಲಿ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುವುದು, ನಿಮ್ಮಲ್ಲಿ ಕಟ್ಟಡದ ಕೆಲಸ. ತಿಂಗಳು ಹೆಚ್ಚುಕಡಿಮೆ ಅವೇ.

ಪಟ್ಟಿಯನ್ನು ದಸರಾ ರಜೆಗೆ ಮುಂಚೆ ಮಾಡಿ. ಹೋದ ಮೇಲೆ ಮಾಡುವ ಪಟ್ಟಿ ಪಟ್ಟಿಯಲ್ಲ. ಮುಂಗಡ ಕೊಡುವ ಮುಕಾದಮ ಅಥವಾ ಮೇಸ್ತ್ರಿಗೆ ಯಾವ ಮನೆಯಿಂದ ಎಷ್ಟು ಜನ ಎಂದು ಮೊದಲೇ ಗೊತ್ತಿರುತ್ತದೆ. ಶಾಲೆಗೆ ಗೊತ್ತಿರುವುದಿಲ್ಲ, ವಿಚಿತ್ರ. ಮಗುವಿನ ಹೆಸರು, ತರಗತಿ, ಹೋಗುವ ಊರು, ಕೆಲಸದ ಜಾಗ, ಮೇಸ್ತ್ರಿ ಫೋನು, ಊರಲ್ಲಿ ಉಳಿಯುವ ಹಿರಿಯರು ಯಾರು, ವಾಪಸಾಗುವ ತಿಂಗಳು ಇಷ್ಟು ಕಾಲಂ ಸಾಕು. ನಂತರ ಮಕ್ಕಳನ್ನು ಎರಡು ಗುಂಪು ಮಾಡಿ.

ಅಜ್ಜಿಯೋ ದೊಡ್ಡಮ್ಮನೋ ಮನೆಯಲ್ಲಿ ಇರುವ ಮಕ್ಕಳು ಉಳಿಯಬಲ್ಲರು. ರಾತ್ರಿ ಊಟ, ಮಲಗಲು ಜಾಗ ಇದ್ದರೆ ಮುಗಿಯಿತು, ಅದಕ್ಕೆಂದೇ ಋತುಮಾನ ವಸತಿ ನಿಲಯ ಇರುವುದು. ಎಡವಟ್ಟು ಆಗುವುದು ಸಮಯದಲ್ಲಿ. ಸಮಗ್ರ ಶಿಕ್ಷಣದ ವಾರ್ಷಿಕ ಯೋಜನೆ ಜನವರಿಯಿಂದ ಮಾರ್ಚ್‌ವರೆಗೆ ತಯಾರಾಗುತ್ತದೆ. ಅಕ್ಟೋಬರ್‌ನಲ್ಲಿ ಹೋಗಿ ಈ ವರ್ಷಕ್ಕೆ ನಿಲಯ ಕೊಡಿ ಎಂದರೆ "ಬಜೆಟ್ಟಿನಲ್ಲಿ ಇಲ್ಲ" ಎನ್ನುತ್ತಾರೆ, ಸುಳ್ಳೇನೂ ಅಲ್ಲ. ಈ ವರ್ಷದ ಪಟ್ಟಿಯನ್ನು ಡಿಸೆಂಬರ್ ಒಳಗೆ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಮೂಲಕ ಬಿಆರ್‌ಸಿಗೆ (ತಾಲ್ಲೂಕಿನ ಸಂಪನ್ಮೂಲ ಕೇಂದ್ರ) ಮುಟ್ಟಿಸಿದರೆ ಮುಂದಿನ ವರ್ಷಕ್ಕೆ ಬರುವ ಸಾಧ್ಯತೆ. ಈ ವರ್ಷಕ್ಕೆ ಗ್ರಾಮ ಪಂಚಾಯಿತಿಯನ್ನು ಹಿಡಿಯಿರಿ. ನವೆಂಬರ್ ಆಸುಪಾಸು ಮಕ್ಕಳ ಗ್ರಾಮಸಭೆ ನಡೆಯುತ್ತದೆ, ಅಲ್ಲಿ ಈ ವಿಷಯ ನಡಾವಳಿಗೆ ಬರಲಿ.

ಹೋಗಲೇಬೇಕಾದ ಮಕ್ಕಳಿಗೆ ಒಂದು ಪ್ಲಾಸ್ಟಿಕ್ ಕವರ್ ಕಟ್ಟಿಕೊಡಿ. ಎಸ್‌ಎಟಿಎಸ್ ಸಂಖ್ಯೆ, ದಾಖಲಾತಿ ಪುಟದ ದೃಢೀಕೃತ ನಕಲು, ಪ್ರಗತಿ ಪತ್ರ, ಆಧಾರ್ ನಕಲು ಇದ್ದರೆ ಅದು, ಮುಖ್ಯಗುರುಗಳ ಫೋನು ಬರೆದ ಒಂದು ಚೀಟಿ. ಹೋದ ಕಡೆ ಶಾಲೆಯವರು "ಟಿ.ಸಿ. ತನ್ನಿ" ಅಂದರೆ ಕಲಂ 5 ತೋರಿಸಿ: ಟಿ.ಸಿ. ತಡವಾಯಿತೆಂದು ದಾಖಲಾತಿ ತಡೆಯಬಾರದು, ನಿರಾಕರಿಸಬಾರದು. ವಯಸ್ಸಿನ ದಾಖಲೆ ಇಲ್ಲವೆಂದೂ ನಿರಾಕರಿಸುವಂತಿಲ್ಲ, ಅದು ಕಲಂ 14.

ಕರ್ನಾಟಕದೊಳಗೆ ಬೇರೆ ಶಾಲೆಗೆ ಪೂರ್ತಿ ಸೇರುವುದಾದರೆ ಎಸ್‌ಎಟಿಎಸ್‌ನಲ್ಲೇ ವರ್ಗಾಯಿಸಿಕೊಳ್ಳಲು ಹೇಳಿ. ಅವಸರಕ್ಕೆ ಅವರು ಹೊಸ ಮಗು ಎಂದು ದಾಖಲಿಸಿದರೆ ಒಂದೇ ಮಗುವಿಗೆ ಎರಡು ಸಂಖ್ಯೆ. ಯುಗಾದಿಗೆ ಮರಳಿದಾಗ ಆಧಾರ್ ಹೊಂದುವುದಿಲ್ಲ, ವಿದ್ಯಾರ್ಥಿವೇತನ ನಿಲ್ಲುತ್ತದೆ. ಬಿಡಿಸಲು ಎರಡೂ ತಾಲ್ಲೂಕಿನ ಬಿಇಒ ಕಚೇರಿಗೆ ಅಲೆಯಬೇಕು, ಕೂಲಿಯವರಿಗೆ ಅದು ಆಗದ ಮಾತು.

ಪುಣೆಗೆ ಹೋಗುವ ಮಕ್ಕಳ ಕಷ್ಟ ಮಾಧ್ಯಮದ್ದು. ಕನ್ನಡ ಅಕ್ಷರ ಈಗಷ್ಟೇ ಕೂಡಿಸುತ್ತಿರುವ ಎರಡನೇ ತರಗತಿ ಮಗುವನ್ನು ನಾಲ್ಕು ತಿಂಗಳಿಗೆ ಮರಾಠಿ ಶಾಲೆಗೆ ಹಾಕಿದರೆ ಎರಡೂ ಕೈತಪ್ಪುತ್ತವೆ. ಔರಾದ್, ಭಾಲ್ಕಿ, ಬಸವಕಲ್ಯಾಣ ಕಡೆಯ ಮಕ್ಕಳ ಕಿವಿಗೆ ಮರಾಠಿ ಇರುತ್ತದೆ, ಸುರಪುರದ ಮಗುವಿಗೆ ಇಲ್ಲ. 1ರಿಂದ 3ರ ಮಕ್ಕಳನ್ನು ಆದಷ್ಟೂ ಊರಲ್ಲೇ ಉಳಿಸಿ ಎನ್ನುವುದು ನನ್ನ ಅಭಿಪ್ರಾಯ. ಆದರೆ ಪಾಲಕರು ಮೊದಲು ಜೊತೆಗೆ ಒಯ್ಯುವುದೇ ಆ ಪುಟ್ಟ ಮಕ್ಕಳನ್ನು. ಸುಲಭವಿಲ್ಲ.

---

ನಲಿಕಲಿ_ಯಾದಗಿರಿ · ಜೂನ್ 10

ಅರ್ಜಿ ಹೋಗುತ್ತದೆ, ಶಿಕ್ಷಕರು ಬರುವುದು ಯಾವಾಗಲೋ. ಅಲ್ಲಿಯ ತನಕ ಇಬ್ಬರೇ 7 ತರಗತಿ ನಡೆಸಬೇಕಲ್ಲ, ಅದಕ್ಕೆ ಒಂದಿಷ್ಟು.

1–3 ನಲಿಕಲಿ, ಅಂದರೆ ಕಾರ್ಡು, ಚಟುವಟಿಕೆಗಳ ಮೂಲಕ ಕಲಿಯುವ ಪದ್ಧತಿ. ಮೂರು ತರಗತಿ ಒಂದೇ ಕೋಣೆಯಲ್ಲಿ ಕೂರುವುದು ಆ ಪದ್ಧತಿಯಲ್ಲಿ ಕೊರತೆಯಲ್ಲ, ಅದನ್ನು ಕಟ್ಟಿರುವುದೇ ಹಾಗೆ. ಒಬ್ಬ ತರಬೇತಾದ ಶಿಕ್ಷಕರು ಅಲ್ಲಿಂದ ಕದಲಬಾರದು. ಇನ್ನೊಬ್ಬರ ಪಾಲಿಗೆ 4ರಿಂದ 7, ಸುಮಾರು 70 ಮಕ್ಕಳು. ಇವರು 4–5ನ್ನು ಒಂದು ಗುಂಪು, 6–7ನ್ನು ಒಂದು ಗುಂಪು ಮಾಡಿ, ಒಂದಕ್ಕೆ 40 ನಿಮಿಷ ಪಾಠ ಮಾಡುವಾಗ ಇನ್ನೊಂದಕ್ಕೆ ಬರೆಯುವ ಕೆಲಸ ಕೊಡಬೇಕು. ಬೆಳಿಗ್ಗೆಯ ಎರಡು ಅವಧಿ ಕನ್ನಡ ಮತ್ತು ಗಣಿತಕ್ಕೆ ಮೀಸಲು, ಕಡತ, ಫೋನು, ಆ್ಯಪ್ ಕೆಲಸ ಯಾವುದೂ ಆಗ ಬೇಡ. ಹೇಳುವುದು ಸುಲಭ ಅಂತ ಗೊತ್ತು. ಬಿಸಿಯೂಟದ ಮಾಹಿತಿ, ಎಸ್‌ಎಟಿಎಸ್, ಬಿಎಲ್‌ಒ (ಮತದಾರರ ಪಟ್ಟಿಯ) ಕೆಲಸ ಎಲ್ಲ ಈ ಇಬ್ಬರ ಮೇಲೆಯೇ ಬೀಳುತ್ತದೆ. ಕಲಂ 27 ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎನ್ನುತ್ತದೆ. ಚುನಾವಣೆಯ ಹೆಸರಿನಲ್ಲೇ ಸಾಕಷ್ಟು ದಿನ ಹೋಗುತ್ತವೆ, ಅದು ಬೇರೆ ಮಾತು.

ಅತಿಥಿ ಶಿಕ್ಷಕರು ಬಂದರೆ ಅವರನ್ನು ಒಂದನೇ ತರಗತಿಗೆ ಹಾಕಬೇಡಿ. "ಸಣ್ಣ ಮಕ್ಕಳು, ಯಾರಾದರೂ ನಡೆಯುತ್ತೆ" ಎಂಬುದು ದೊಡ್ಡ ತಪ್ಪು. ಅಕ್ಷರ ಕಲಿಸುವುದಕ್ಕೇ ಅನುಭವ ಬೇಕು, ನಲಿಕಲಿ ಕಾರ್ಡು, ಮೈಲಿಗಲ್ಲು ಗೊತ್ತಿಲ್ಲದವರು ಅಲ್ಲಿ ಕಪ್ಪು ಹಲಗೆ ಮೇಲೆ ಅಆಇಈ ಬರೆದು ನಕಲು ಮಾಡಿಸುತ್ತಾರೆ. ಹೊಸಬರಿಗೆ 4–5 ಕೊಡಿ. ಇನ್ನೊಬ್ಬರು ಸಿಕ್ಕರೆ 6–7ರ ಗಣಿತ, ವಿಜ್ಞಾನ.

ಜೂನ್‌ನಲ್ಲಿ ಮಾಡಲೇಬೇಕಾದದ್ದು ಓದಿನ ತಪಾಸಣೆ. 4ರಿಂದ 7ರ ಪ್ರತಿ ಮಗುವನ್ನೂ ಒಬ್ಬೊಬ್ಬರನ್ನಾಗಿ ಕರೆದು ಐದು ಮೆಟ್ಟಿಲು ಓದಿಸಿ: ಬಿಡಿ ಅಕ್ಷರ, ಗುಣಿತಾಕ್ಷರದ ಸರಳ ಪದ, ಒತ್ತಕ್ಷರದ ಪದ, ನಾಲ್ಕು ಸಾಲಿನ ಪ್ಯಾರಾ, ಅರ್ಧ ಪುಟದ ಕಥೆ. ಮಗುವಿಗೆ ಮೂರು ನಿಮಿಷ. 70 ಮಕ್ಕಳಿಗೆ ಮೂರೂವರೆ ತಾಸು, ಎರಡು ದಿನದಲ್ಲಿ ಹಂಚಿ ಮುಗಿಸಬಹುದು. ಎಲ್ಲಿ ತಡವರಿಸಿತೋ ಅದೇ ಅದರ ಗುಂಪು, ತರಗತಿ ಯಾವುದೇ ಇರಲಿ. ದಿನಕ್ಕೆ ಒಂದು ತಾಸು ಈ ಗುಂಪುಗಳಲ್ಲಿ ಕೂರಿಸಿ. ಗುಳೆಯ ಮಕ್ಕಳು ಬಹುತೇಕ ಒತ್ತಕ್ಷರದ ಮೆಟ್ಟಿಲಲ್ಲಿ ಸಿಕ್ಕಿಬೀಳುತ್ತಾರೆ. ಒತ್ತಕ್ಷರ ಪಕ್ಕಾ ಆಗಬೇಕಾದ ತಿಂಗಳಲ್ಲೇ ಅವರು ಊರಲ್ಲಿ ಇರುವುದಿಲ್ಲ.

ಯುಗಾದಿಗೆ ಬಂದವರಿಗೆ ಶಾಲೆ ಸಿಗುವುದು ಕೆಲವೇ ದಿನ, ಏಪ್ರಿಲ್ ಎರಡನೇ ವಾರಕ್ಕೆ ರಜೆ. ಪರೀಕ್ಷೆ ತಪ್ಪಿತೆಂದು ಹಳೇ ತರಗತಿಯಲ್ಲಿ ಕೂರಿಸುವುದು ಪರಿಹಾರ ಅಲ್ಲ. ಕಲಂ 4 ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಿ ಎನ್ನುತ್ತದೆ, ಕನಿಷ್ಠ ಮೂರು ತಿಂಗಳು, ಹೆಚ್ಚೆಂದರೆ ಎರಡು ವರ್ಷ. ಆ ತರಬೇತಿ ಕೇಳಬೇಕಾದರೆ ಮೇಲೆ ಕಡತ ಸರ್ ಹೇಳಿದಂತೆ ಹಾಜರಿ ಪುಸ್ತಕ ನಿಜ ಹೇಳಬೇಕು.

ತಾಂಡಾ ಮಕ್ಕಳ ಬಗ್ಗೆ: ಮನೆಯಲ್ಲಿ ಲಂಬಾಣಿ, ಊರಲ್ಲಿ ನಮ್ಮ ಕನ್ನಡ, ಪುಸ್ತಕದಲ್ಲಿ ಇನ್ನೊಂದು ಕನ್ನಡ. ಮಗುವಿಗೆ ಇವು ಮೂರು ಭಾಷೆ. ಗೋಡೆಗೆ ಒಂದು ಚಾರ್ಟು ಹಾಕಿ, ಮೂರು ಸಾಲು: ಪಾಣಿ–ನೀರ–ನೀರು, ಬಾಟಿ–ರೊಟ್ಟಿ–ರೊಟ್ಟಿ, ಹೀಗೆ ದಿನಬಳಕೆಯ 50 ಪದ, 10 ವಾಕ್ಯ. ಮೊದಲ ಸಾಲು ತುಂಬಿಸುವವರು ಮಕ್ಕಳೇ ಆಗಲಿ. ಗುರುಮಠಕಲ್ ಕಡೆ ಅದೇ ಜಾಗದಲ್ಲಿ ತೆಲುಗು ಬರೆದರಾಯಿತು. ಪುಸ್ತಕ ಪಟಪಟ ಓದಿ ಅರ್ಥ ಕೇಳಿದರೆ ಸುಮ್ಮನಾಗುವ ಮಗು ದಡ್ಡ ಅಲ್ಲ, "ಹೋಗುತ್ತಿದ್ದಾನೆ" ಅಂದರೆ "ಹೊಂಟಾನ" ಎಂದು ಯಾರೂ ಅದಕ್ಕೆ ಹೇಳಿಲ್ಲ ಅಷ್ಟೇ.

---

ಹೊಸ_ಎಸ್‌ಡಿಎಂಸಿ, ಸುರಪುರ ತಾಲ್ಲೂಕು · ಜೂನ್ 11

ಎಲ್ಲರಿಗೂ ಭಾಳ ಉಪಕಾರ ಆಯ್ತ್ರಿ. ಎರಡು ಸಂಶಯ. ನಿಯೋಜನೆ ಯಾರ ಆದೇಶದ ಮ್ಯಾಲ, ಎಷ್ಟು ದಿನಕ್ಕ ಅಂತ ಬಾಯಿಲೆ ಕೇಳಿದ್ರ ಯಾರೂ ಹೇಳೋದಿಲ್ಲ, ಕಾಗದ ಹೆಂಗ ತೆಗೀಬೇಕು? ಮತ್ತ ಆ ಹೈಸ್ಕೂಲ್ ವಿಷಯಕ್ಕ ಯಾರೂ ಬಂದಿಲ್ಲ.

---

ಕಡತ_ಕಲಬುರಗಿ · ಜೂನ್ 11

ಮಾಹಿತಿ ಹಕ್ಕು ಅರ್ಜಿ, ನಮೂನೆ-ಎ, 10 ರೂ. ಪೋಸ್ಟಲ್ ಆರ್ಡರ್. ಬಿಪಿಎಲ್ ಕಾರ್ಡ್ ಇರುವವರು ಹಾಕಿದರೆ ಶುಲ್ಕವಿಲ್ಲ, ಕಾರ್ಡಿನ ನಕಲು ಲಗತ್ತಿಸಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಮೀರಿದರೆ ಅದನ್ನೇ ನೆಪ ಮಾಡಿ ತಿರಸ್ಕರಿಸುತ್ತಾರೆ. ಒಕ್ಕಣೆ ಹೀಗಿರಲಿ:

"ವಿಷಯ: ಸ.ಹಿ.ಪ್ರಾ. ಶಾಲೆ (ಯುಡೈಸ್ ಸಂಖ್ಯೆ ಬರೆಯಿರಿ) ಇಲ್ಲಿನ ಶಿಕ್ಷಕರ ಹುದ್ದೆಗಳು. 1. ಈ ಶಾಲೆಗೆ ಮಂಜೂರಾದ ಹುದ್ದೆಗಳ ಸಂಖ್ಯೆ, ಮಂಜೂರಾತಿ ಆದೇಶದ ನಕಲು. 2. ಪ್ರಸ್ತುತ ಕಾರ್ಯನಿರತ, ಖಾಲಿ, ನಿಯೋಜನೆ ಮೇಲಿರುವ ಹುದ್ದೆಗಳ ವಿವರ. 3. ನಿಯೋಜನೆ ಆದೇಶದ ನಕಲು, ಅವಧಿ, ಹೊರಡಿಸಿದ ಪ್ರಾಧಿಕಾರ. 4. ಕಳೆದ ಮೂರು ಶೈಕ್ಷಣಿಕ ವರ್ಷಗಳಲ್ಲಿ ಈ ಶಾಲೆಗೆ ಹಂಚಿಕೆಯಾದ ಅತಿಥಿ ಶಿಕ್ಷಕರ ಸಂಖ್ಯೆ."

ಇಷ್ಟೇ. "ಯಾಕೆ ಕೊಟ್ಟಿಲ್ಲ", "ಯಾವಾಗ ಕೊಡುತ್ತೀರಿ" ಎಂದು ಬರೆಯಬೇಡಿ, ಅದು ಮಾಹಿತಿ ಅಲ್ಲ, ದಾಖಲೆಯಲ್ಲಿ ಇರುವುದಿಲ್ಲ. 30 ದಿನ ಕಾಯಿರಿ. ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಒಂದು ಎಚ್ಚರ: ನಿಯೋಜನೆ ಹೋದ ಶಿಕ್ಷಕರ ಹೆಸರು ಹಿಡಿದು ಜಗಳಕ್ಕೆ ಇಳಿಯಬೇಡಿ. ತಕರಾರು ಹುದ್ದೆಯದ್ದು, ಮನುಷ್ಯನದ್ದಲ್ಲ. ನಾಳೆ ಅವರೇ ಬಂದು ಪಾಠ ಮಾಡಬೇಕು.

ನೀವು ಗಮನಿಸಿದಂತೆ ಕಾಣಲಿಲ್ಲ, ಇನ್ನೊಂದು ಇದೆ. ತಾಂಡಾ ಒಂದೂವರೆ ಕಿ.ಮೀ. ಎಂದಿರಿ. 1–5ಕ್ಕೆ ನೆರೆಹೊರೆಯ ಮಿತಿ 1 ಕಿ.ಮೀ. ಅಂದರೆ ಆ ಮಕ್ಕಳಿಗೆ ಇದು ನೆರೆಹೊರೆ ಶಾಲೆಯೇ ಅಲ್ಲ. ತಾಂಡಾದಲ್ಲಿ ಕಿರಿಯ ಪ್ರಾಥಮಿಕ ಶಾಲೆ ಇಲ್ಲದಿದ್ದರೆ ಸಾರಿಗೆ ಮತ್ತು ಬೆಂಗಾವಲು ಭತ್ಯೆ ಕೇಳಲು ಆಧಾರ ಇದೆ. ಸಮಗ್ರ ಶಿಕ್ಷಣದಲ್ಲಿ ಮಗುವಿಗೆ ವರ್ಷಕ್ಕೆ 6,000 ರೂ.ವರೆಗೆ. ಅಂತರವನ್ನು ಅಂದಾಜಿನಲ್ಲಿ ಬರೆಯಬೇಡಿ, ನಡೆಯುವ ದಾರಿಯಲ್ಲಿ ಅಳೆದು ಪಿಡಿಒ ಅವರಿಂದ ಬರೆಸಿಕೊಳ್ಳಿ. ನಕ್ಷೆಯಲ್ಲಿ ಹಳ್ಳದ ಮೇಲೆ ನೇರ ಗೆರೆ ಎಳೆದು 900 ಮೀಟರ್ ಎಂದು ತೋರಿಸುವುದು ಹಳೇ ಚಾಳಿ. ಮಳೆಗಾಲದಲ್ಲಿ ಆ ಹಳ್ಳ ದಾಟುವವರು ಆರು ವರ್ಷದ ಮಕ್ಕಳು.

---

ಬಸ್‌ಪಾಸ್_ಸೇಡಂ · ಜೂನ್ 11

ಹೈಸ್ಕೂಲ್ ಪ್ರಶ್ನೆಗೆ ನಾನು ಬರುತ್ತೇನೆ.

ಎಂಟನೇ ತರಗತಿಯನ್ನು ಕರ್ನಾಟಕದಲ್ಲಿ ಹೈಸ್ಕೂಲ್ ಎನ್ನುವುದು ರೂಢಿ. ಕಾಯ್ದೆಗೆ ಅದು ಪ್ರಾಥಮಿಕ ಶಿಕ್ಷಣವೇ, 6ರಿಂದ 14 ವಯಸ್ಸು, 1ರಿಂದ 8. ಹಾಗಾಗಿ 6–8ರ 3 ಕಿ.ಮೀ. ಮಿತಿ ಎಂಟನೇ ತರಗತಿಗೂ ಸಲ್ಲುತ್ತದೆ. 6 ಕಿ.ಮೀ. ದೂರದ ಹೈಸ್ಕೂಲ್ ತೋರಿಸಿ "ವ್ಯವಸ್ಥೆ ಇದೆ" ಎನ್ನುವಂತಿಲ್ಲ. ಎರಡು ಕೇಳಬಹುದು. ನಿಮ್ಮ ಶಾಲೆಗೇ 8ನೇ ತರಗತಿ ಸೇರಿಸಿ ಮೇಲ್ದರ್ಜೆಗೆ ಏರಿಸುವುದು, ಅಥವಾ ಮೇಲೆ ಹೇಳಿದ ಸಾರಿಗೆ ಭತ್ಯೆ. ಇಬ್ಬರೇ ಶಿಕ್ಷಕರಿರುವಾಗ 8 ಸೇರಿಸಿಕೊಂಡರೆ ಇರುವ ಏಳೂ ತರಗತಿ ಇನ್ನಷ್ಟು ತೆಳುವಾಗುತ್ತವೆ. ಹುದ್ದೆ ಇಲ್ಲದ ಮೇಲ್ದರ್ಜೆ ಬರೀ ಬೋರ್ಡು ಬದಲಾವಣೆ. ಈ ವರ್ಷಕ್ಕೆ ಬಸ್ಸಿನ ಹಿಂದೆ ಬೀಳಿ.

ಶಕ್ತಿ ಯೋಜನೆ 2023ರ ಜೂನ್ 11ರಿಂದ ಇದೆ, ಹೆಣ್ಣುಮಕ್ಕಳಿಗೆ ಟಿಕೆಟ್ಟಿಗೆ ದುಡ್ಡು ಬೇಕಿಲ್ಲ. ಆದರೆ ಟಿಕೆಟ್ ಉಚಿತ, ಬಸ್ಸೇ ಇಲ್ಲ. ಇದ್ದ ಬಸ್ಸು 8ಕ್ಕೆ ಬಂದು ಹೋಗಿರುತ್ತದೆ ಅಥವಾ ಸಂಜೆ 7ಕ್ಕೆ ತಿರುಗಿ ಬರುತ್ತದೆ. ಏಳು ಗಂಟೆಗೆ ಮಗಳು ಮನೆ ಮುಟ್ಟುವುದಾದರೆ ಯಾವ ತಂದೆ-ತಾಯಿಯೂ ಕಳಿಸುವುದಿಲ್ಲ. ಕಲ್ಯಾಣ ಕರ್ನಾಟಕ ಸಾರಿಗೆಯ ಸ್ಥಳೀಯ ಡಿಪೊ ವ್ಯವಸ್ಥಾಪಕರಿಗೆ ಬರೆಯಿರಿ, ಪ್ರತಿ ವಿಭಾಗೀಯ ನಿಯಂತ್ರಣಾಧಿಕಾರಿಗೆ. "ಬಸ್ ಬಿಡಿ" ಎಂದರೆ ಆಗದು. ದಾರಿಯಲ್ಲಿರುವ ಪ್ರತಿ ಊರಿನ ಹೆಸರು, ಪ್ರತಿ ಊರಿನಿಂದ ಹತ್ತುವ ವಿದ್ಯಾರ್ಥಿಗಳ ಸಂಖ್ಯೆ, ಹುಡುಗಿಯರು ಎಷ್ಟು ಹುಡುಗರು ಎಷ್ಟು, ಹೈಸ್ಕೂಲ್ ಶುರುವಾಗುವ ಮತ್ತು ಬಿಡುವ ಸಮಯ, ಶನಿವಾರದ ಸಮಯ ಬೇರೆಯಾಗಿ. ಶನಿವಾರ ಮರೆತವರೇ ಹೆಚ್ಚು, ಅವತ್ತು ಮಧ್ಯಾಹ್ನ ಬಿಸಿಲಲ್ಲಿ 6 ಕಿ.ಮೀ. ನಡಿಗೆ. ಹೈಸ್ಕೂಲ್ ಮುಖ್ಯೋಪಾಧ್ಯಾಯರ ಸಹಿಯಿರುವ ಪತ್ರವೂ ಜೊತೆಗಿರಲಿ. ನಾಲ್ಕೈದು ಊರು ಸೇರಿ ಕೇಳಿದರೆ ಹೊಸ ಬಸ್ ಬೇಕಾಗುವುದಿಲ್ಲ, ಇರುವ ಸರತಿಯನ್ನೇ ಒಂದು ತಾಸು ಆಚೀಚೆ ಮಾಡಿಸಬಹುದು. ಹುಡುಗರ ಪಾಸಿಗೆ ಸೇವಾಸಿಂಧುವಿನಲ್ಲಿ ಅರ್ಜಿ.

ಬಸ್ಸಿನಿಂದಲೂ ಆಗದ ಹುಡುಗಿಯರಿಗೆ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ ಅಥವಾ ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಇಲಾಖೆಯ ಮೆಟ್ರಿಕ್ ಪೂರ್ವ ನಿಲಯ. ಜಾತಿ, ಆದಾಯ ಪ್ರಮಾಣಪತ್ರ 7ನೇ ತರಗತಿಯ ಜನವರಿಯಲ್ಲೇ ಮಾಡಿಸಿ ಇಡಿ. ಮೇ ತಿಂಗಳಲ್ಲಿ ನಾಡಕಚೇರಿ ಸರತಿ ಹನುಮಂತನ ಬಾಲ.

---

ತೊಗರಿ_ಕಟ್ಟಿ, ಜೇವರ್ಗಿ · ಜೂನ್ 12

ಹಾಜರಿ ವಿಷಯದಾಗ ನಾ ಹೇಳಿದ್ದು ತಪ್ಪಿತ್ತು, ಒಪ್ಪಿದೆ. ಆದ್ರ ಒಂದು ಮಾತು. 2024ರಾಗ ಎಸ್ಸೆಸ್ಸೆಲ್ಸಿಯಾಗ ಯಾದಗಿರಿ ಕಡೀಕ, ಪಾಸಾದೋರು ಶೇ 50.59. 2025ರ ಪರೀಕ್ಷೆ-1ರಾಗ ನಮ್ಮ ಕಲಬುರಗಿ ಕಡೀಕ, ಶೇ 42.43. ಆವಾಗ ಹೈಸ್ಕೂಲ್ ಮಾಸ್ತರಿಗಿ ನೋಟಿಸ್ ಕೊಡ್ತಾರ. ಆ ಹುಡುಗ ಮೂರನೇತ್ತಿ ಇದ್ದಾಗ ಸಾಲ್ಯಾಗ ಎಷ್ಟು ಮಂದಿ ಮಾಸ್ತರ ಇದ್ರು ಅಂತ ಯಾರರೆ ಕೇಳ್ಯಾರೇನು? ಪ್ರಾದೇಶಿಕ ಅಸಮತೋಲನ ನೋಡಿದ ನಂಜುಂಡಪ್ಪ ಸಮಿತಿ 2002ರಾಗ 39 ಅತ್ಯಂತ ಹಿಂದುಳಿದ ತಾಲ್ಲೂಕು ಅಂತ ಬರೀತು, ಅದರಾಗ 21 ನಮ್ಮ ವಿಭಾಗದಾಗ. ನಮ್ಮ ಭಾಗಕ್ಕ ವಿಶೇಷ ಸ್ಥಾನ ಕೊಡೋ ಸಂವಿಧಾನದ 371(ಜೆ) ಬಂತು, ಅಭಿವೃದ್ಧಿ ಮಂಡಳಿ ಬಂತು. ಕೋಣಿ ಕಟ್ಟಾಕ ದುಡ್ಡು ಬರ್ತದ, ಕೋಣ್ಯಾಗ ನಿಂತು ಕಲಿಸೋರು ಬರೋದಿಲ್ಲ.

---

ಕಡತ_ಕಲಬುರಗಿ · ಜೂನ್ 12

ಮಂಡಳಿಯ ಮಾತು ಬಂದದ್ದರಿಂದ ಹೇಳುತ್ತೇನೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಹೋಗುವ ಬೇಡಿಕೆ ಸಾಮಾನ್ಯವಾಗಿ ಶಾಸಕರ ಕಚೇರಿ, ಇಲಾಖೆ ಮೂಲಕ ಕ್ರಿಯಾಯೋಜನೆಗೆ ಸೇರುತ್ತದೆ. ಕೋಣೆ ಕೇಳುವ ಮುಂಚೆ ಇರುವ ಕೋಣೆ ಎಣಿಸಿ. ಅನುಸೂಚಿ ಶಿಕ್ಷಕರಿಗೊಂದು ಕೋಣೆ ಎನ್ನುತ್ತದೆ. 6 ಶಿಕ್ಷಕರಿಗೆ 6, ಜೊತೆಗೆ ಕಚೇರಿಗೊಂದು. ಹುಡುಗ-ಹುಡುಗಿಯರಿಗೆ ಬೇರೆ ಶೌಚಾಲಯ ಇದೆಯೇ ಎಂದಲ್ಲ, ಅದಕ್ಕೆ ನೀರಿನ ನಲ್ಲಿ ಇದೆಯೇ ನೋಡಿ. ನಮ್ಮ ಕಡೆ ಬೀಗ ಹಾಕಿದ ಶೌಚಾಲಯಗಳಿಗೆ ಬಹುಪಾಲು ಕಾರಣ ನೀರು. ಸಂಯುಕ್ತ ಅನುದಾನದ ಕನಿಷ್ಠ ಶೇ 10 ಸ್ವಚ್ಛತೆಗೆ ಹೋಗಬೇಕು, 50,000ಕ್ಕೆ 5,000. ಪೈಪು, ಸಿಂಟೆಕ್ಸ್ ಟ್ಯಾಂಕು ಅದರಲ್ಲೇ ಆಗುತ್ತದೆ, ಮಂಡಳಿ ತನಕ ಹೋಗಬೇಕಿಲ್ಲ.

---

ಹೊಸ_ಎಸ್‌ಡಿಎಂಸಿ, ಸುರಪುರ ತಾಲ್ಲೂಕು · ಜೂನ್ 13

ಶನಿವಾರ ಸಭಾ ಕರದೀವ್ರಿ. ನಾಲ್ಕು ಠರಾವು ಬರದಿಟ್ಟೀವಿ: ನಿಯೋಜನೆ ರದ್ದು, ಇಬ್ಬರು ಅತಿಥಿ ಶಿಕ್ಷಕರು, ತಾಂಡಾ ದಾರಿ ಅಳತಿ, ಬಸ್ಸಿನ ಸಮಯ. ಗುಳೆ ಪಟ್ಟಿ ಮಹಾನವಮಿ ರಜಾಕ್ಕಿಂತ ಮೊದಲ ಆಗ್ತದ. ಇನ್ನೇನರೆ ಬಿಟ್ಟೀವೇನು?

---

ನಲಿಕಲಿ_ಯಾದಗಿರಿ · ಜೂನ್ 13

ಸಭೆ ಯಾವ ಹೊತ್ತಿಗೆ? ಶನಿವಾರ ಬೆಳಿಗ್ಗೆ ಅಂದರೆ ತಾಂಡಾದ ತಾಯಂದಿರು ಹೊಲಕ್ಕೆ ಹೋಗಿರುತ್ತಾರೆ, ಈಗ ಬಿತ್ತನೆ ಕಾಲ. ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರು, ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರು ಇರಬೇಕು. ಅವರು ಬರದೆ ಸಹಿ ಮಾತ್ರ ಮನೆಗೆ ಕಳಿಸಿ ಹಾಕಿಸಿದರೆ ಠರಾವನ್ನು ಯಾರಾದರೂ ಪ್ರಶ್ನಿಸಬಹುದು. ಸಂಜೆ 6ರ ಮೇಲೆ, ತಾಂಡಾದ ಸೇವಾಲಾಲ್ ಗುಡಿ ಮುಂದೆ ಇಡಿ. ನಡಾವಳಿ ಪುಸ್ತಕ, ಸ್ಟಾಂಪ್ ಪ್ಯಾಡು ಅಲ್ಲಿಗೇ ಒಯ್ಯಿರಿ, ಹೆಬ್ಬೆಟ್ಟು ಒತ್ತುವವರೂ ಇರುತ್ತಾರೆ.

---

ಹೊಸ_ಎಸ್‌ಡಿಎಂಸಿ, ಸುರಪುರ ತಾಲ್ಲೂಕು · ಜೂನ್ 13

ಖರೇ ಅದ ಅಕ್ಕೋರ. ಹತ್ತು ಗಂಟೆ ಅಂತ ಬರ್ದಿದ್ವಿ. ನೋಟಿಸ್ ಬದಲ ಮಾಡ್ತೀವಿ, ಸಂಜಿ ಆರೂವರಿ, ತಾಂಡಾದಾಗ.